ಆ ಜಾಗದಲ್ಲಿ ಆಗಲೇ ಕೂತಿರುವುದು ಯಾರದ್ದು? ಸಿಮ್‌ಲಿಂಕ್ ಇರುವ ಪ್ಯಾಕೇಜ್‌ಗಳ ರೀಇನ್‌ಸ್ಟಾಲ್ ಕುರಿತು

ಉಪನ್ಯಾಸದ ಬರಹ ರೂಪ. ಕಮಾಂಡ್‌ಗಳನ್ನು ಮಾತಿನಲ್ಲಿ ಉಚ್ಚರಿಸಿದಂತೆಯೇ ಬರೆದಿದೆ. ಟರ್ಮಿನಲ್‌ನಲ್ಲಿ ಮಾಮೂಲಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.

ಎಲ್ಲರಿಗೂ ನಮಸ್ಕಾರ.

ಒಂದು ಪ್ಯಾಕೇಜನ್ನು ಮೊದಲ ಸಲ ಇನ್‌ಸ್ಟಾಲ್ ಮಾಡುವಾಗ ಹೆಚ್ಚು ಯೋಚಿಸಬೇಕಾಗಿಲ್ಲ. ಜಾಗ ಖಾಲಿ ಇರುತ್ತದೆ, ಫೈಲ್ ಹೋಗಿ ಕೂರುತ್ತದೆ. ತಕರಾರು ಶುರುವಾಗುವುದು ಎರಡನೇ ಸಲ. ಆಗ ಅದೇ ಜಾಗದಲ್ಲಿ ಏನೋ ಒಂದು ಇರುತ್ತದೆ. ಅದು ಹಿಂದಿನ ಸಲ ಇದೇ ಪ್ಯಾಕೇಜ್ ಇಟ್ಟುಹೋದ ಲಿಂಕ್ (ಸಿಮ್‌ಲಿಂಕ್, ಅಂದರೆ ಇನ್ನೊಂದು ಜಾಗದತ್ತ ಬೆರಳು ತೋರಿಸುವ ಹೆಸರು) ಇರಬಹುದು, ಬೇರೆ ಪ್ಯಾಕೇಜಿನ ಫೈಲ್ ಇರಬಹುದು, ಯಾರೋ ಕೈಯಾರೆ ತಿದ್ದಿದ ಕಾನ್ಫಿಗ್, ಅಂದರೆ ಸೆಟ್ಟಿಂಗ್ಸ್ ಫೈಲ್ ಇರಬಹುದು, ಎಲ್ಲಿಗೂ ತಲುಪದ ಸತ್ತ ಲಿಂಕ್ ಕೂಡ ಇರಬಹುದು. ಇನ್‌ಸ್ಟಾಲರ್ ನಿಂತು "ಫೈಲ್ ಆಗಲೇ ಇದೆ" ಅನ್ನುತ್ತದೆ. ನಾವು ಬಲವಂತವಾಗಿ ಮೇಲೆ ಬರೆಯುವ ಫೋರ್ಸ್ ಆಪ್ಷನ್ ಹುಡುಕಲು ಹೊರಡುತ್ತೇವೆ.

ಅದಕ್ಕೆ ಮುಂಚೆ ಕೇಳಬೇಕಾದದ್ದು ಒಂದೇ ಪ್ರಶ್ನೆ: ಅಲ್ಲಿರುವುದು ಯಾರದ್ದು? ಲಿಂಕ್ ಆದರೆ ಉತ್ತರ ಅದರೊಳಗೇ ಇರುತ್ತದೆ. ಅದು ಯಾವ ಡೈರೆಕ್ಟರಿಯತ್ತ ತೋರಿಸುತ್ತದೋ ಅದೇ ಅದರ ಒಡೆಯನ ಗುರುತು. ನಿಜವಾದ ಫೈಲ್ ಹಾಗಲ್ಲ, ಅದನ್ನು ಯಾರು ತಂದಿಟ್ಟರು ಎಂದು ಅದನ್ನೇ ನೋಡಿ ಹೇಳಲಾಗದು. ಹಾಗಾಗಿ ಲಿಂಕನ್ನು ಅಳಿಸುವಾಗ ಇರುವ ಧೈರ್ಯ ಫೈಲನ್ನು ಅಳಿಸುವಾಗ ಇರಬಾರದು. ಈ ಉಪನ್ಯಾಸದ ಉಳಿದದ್ದೆಲ್ಲ ಇದರ ವಿವರ.

ಲಿಂಕ್ ಅಂದರೆ ಏನು ಅನ್ನುವುದನ್ನು ಬೇಗ ಮುಗಿಸೋಣ. ಸಿಂಬಾಲಿಕ್ ಲಿಂಕ್ 1983ರ 4.2 ಬಿಎಸ್‌ಡಿ ಎಂಬ ಯುನಿಕ್ಸ್‌ನಲ್ಲಿತ್ತು, ಇವತ್ತಿನ ಲಿನಕ್ಸ್ ಮತ್ತು ಮ್ಯಾಕ್‌ನಲ್ಲೂ ಅದರ ಸ್ವರೂಪ ಅದೇ. ಅದರೊಳಗೆ ಇರುವುದು ಒಂದು ಪಾತ್ (ಫೈಲಿನ ವಿಳಾಸ) ಮಾತ್ರ, ಬರೀ ಅಕ್ಷರಗಳು. ಆ ಪಾತ್‌ನಲ್ಲಿ ನಿಜಕ್ಕೂ ಏನಾದರೂ ಇದೆಯೇ ಎಂದು ಲಿಂಕ್ ಮಾಡುವಾಗ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ನೋಡುವುದೇ ಇಲ್ಲ. 'ರೀಡ್‌ಲಿಂಕ್' ಕೊಟ್ಟರೆ ಆ ಅಕ್ಷರಗಳು ಕಾಣುತ್ತವೆ. 'ರೀಡ್‌ಲಿಂಕ್ -ಎಫ್' ಕೊಟ್ಟರೆ ಲಿಂಕ್ ಮೇಲೆ ಲಿಂಕ್ ದಾಟಿ ಕೊನೆಗೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದು ಕಾಣುತ್ತದೆ.

ಇನ್ನು ಯಾವ ಕಮಾಂಡ್ ಲಿಂಕನ್ನು ಹಿಂಬಾಲಿಸುತ್ತದೆ, ಯಾವುದು ಲಿಂಕನ್ನೇ ಹಿಡಿಯುತ್ತದೆ ಅನ್ನುವುದು ಬಾಯಿಪಾಠ ಇರಬೇಕು. 'ಆರ್‌ಎಮ್' ಲಿಂಕನ್ನೇ ಅಳಿಸುತ್ತದೆ, ಗುರಿ ಉಳಿಯುತ್ತದೆ. ಫೈಲಿನತ್ತ ತೋರಿಸುವ ಲಿಂಕ್ ಮೇಲೆ ಫೈಲನ್ನು ಸರಿಸುವ 'ಎಮ್‌ವಿ' ಮಾಡಿದರೆ ಲಿಂಕ್ ಹೋಗಿ ಹೊಸ ಫೈಲ್ ಬರುತ್ತದೆ. ಆದರೆ ಲಿಂಕ್ ಡೈರೆಕ್ಟರಿಯತ್ತ ತೋರಿಸುತ್ತಿದ್ದರೆ ಫೈಲ್ ಆ ಡೈರೆಕ್ಟರಿಯೊಳಗೆ ಹೋಗಿಬಿಡುತ್ತದೆ. 'ಇನ್‌ಸ್ಟಾಲ್' ಎಂಬ ಹೆಸರಿನ ಕಮಾಂಡ್ ಹಳೆಯದನ್ನು ಮೊದಲು ಕಿತ್ತು ಆಮೇಲೆ ಹೊಸದನ್ನು ಬರೆಯುತ್ತದೆ. ಕಾಪಿ ಮಾಡುವ 'ಸಿಪಿ' ಮತ್ತು ಶೆಲ್‌ನ ರೀಡೈರೆಕ್ಷನ್ ('>' ಚಿಹ್ನೆಯಿಂದ ಫೈಲಿಗೆ ಬರೆಯುವುದು) ಮಾತ್ರ ಲಿಂಕ್ ದಾಟಿ ಒಳಗೆ ಹೋಗಿ ಗುರಿಯ ಮೇಲೆಯೇ ಬರೆಯುತ್ತವೆ.

ಇದರ ಪರಿಣಾಮ ಎಷ್ಟು ದೂರ ಹೋಗಬಹುದು ನೋಡಿ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ /ಯುಎಸ್‌ಆರ್/ಬಿನ್/ಎಡಿಟರ್ ಎಂಬುದು ಲಿಂಕ್. ಅದು /ಇಟಿಸಿ/ಆಲ್ಟರ್ನೇಟಿವ್ಸ್/ಎಡಿಟರ್ ಎಂಬ ಇನ್ನೊಂದು ಲಿಂಕ್‌ಗೆ ಹೋಗುತ್ತದೆ, ಅಲ್ಲಿಂದ, ವಿಮ್ ಎಂಬ ಎಡಿಟರನ್ನು ಆಯ್ದುಕೊಂಡ ಯಂತ್ರವಾದರೆ, ವಿಮ್.ಬೇಸಿಕ್‌ಗೆ. ಯಾರಾದರೂ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ತಮ್ಮದೊಂದು ಸ್ಕ್ರಿಪ್ಟನ್ನು 'ಸಿಪಿ' ಮಾಡಿ /ಯುಎಸ್‌ಆರ್/ಬಿನ್/ಎಡಿಟರ್ ಮೇಲೆ ಹಾಕಿದರೆ ಎರಡೂ ಲಿಂಕ್ ಹಾಗೇ ಇರುತ್ತವೆ, ವಿಮ್‌ನ ಬೈನರಿ ಮಾತ್ರ ಹೋಗಿರುತ್ತದೆ. ಎಲ್ಲೂ ಒಂದು ಎಚ್ಚರಿಕೆಯೂ ಬರುವುದಿಲ್ಲ. ಡೆಬಿಯನ್‌ನ ಪ್ಯಾಕೇಜ್ ಸಾಧನವಾದ 'ಡಿಪಿಕೆಜಿ -ವಿ', ಕ್ಯಾಪಿಟಲ್ ವಿ, ಓಡಿಸಿದಾಗಲೇ ಚೆಕ್‌ಸಮ್ ಹೊಂದುತ್ತಿಲ್ಲ ಎಂದು ಗೊತ್ತಾಗುವುದು. ಕಾಪಿ ಮಾಡಲೇಬೇಕಾದರೆ 'ಸಿಪಿ --ರಿಮೂವ್-ಡೆಸ್ಟಿನೇಷನ್' ಇದೆ, ಅಥವಾ 'ಇನ್‌ಸ್ಟಾಲ್' ಬಳಸಿ. ನನ್ನ ಅಭಿಪ್ರಾಯದಲ್ಲಿ ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳಲ್ಲಿ 'ಸಿಪಿ'ಗೆ ಜಾಗವೇ ಇರಬಾರದು. ಇನ್ನೊಂದು ಕಾರಣವೂ ಇದೆ: ಓಡುತ್ತಿರುವ ಪ್ರೋಗ್ರಾಮ್ ಬಳಸುತ್ತಿರುವ ಲೈಬ್ರರಿಯ ಮೇಲೆ 'ಸಿಪಿ' ಮಾಡಿದರೆ ಅದೇ ಐನೋಡ್ (ಡಿಸ್ಕಿನಲ್ಲಿ ಫೈಲಿನ ನಿಜವಾದ ದಾಖಲೆ) ಖಾಲಿಯಾಗಿ ಮತ್ತೆ ತುಂಬುತ್ತದೆ, ಅಷ್ಟರಲ್ಲಿ ಪ್ರೋಗ್ರಾಮ್ ಕುಸಿಯಬಹುದು. ಹಳೆಯದನ್ನು ಕಿತ್ತು ಹೊಸದನ್ನು ಇಟ್ಟರೆ ಓಡುತ್ತಿರುವ ಪ್ರೋಗ್ರಾಮ್ ಹಳೆಯ ಐನೋಡನ್ನೇ ಹಿಡಿದುಕೊಂಡು ನಡೆಯುತ್ತದೆ.

ಎಲ್‌ಎನ್ ಒಳಗಿನ ಗುಂಡಿ

ಲಿಂಕ್ ಮಾಡುವ ಕಮಾಂಡ್ 'ಎಲ್‌ಎನ್'ನಲ್ಲಿ ಬಹಳ ಜನ ಬೀಳುವ ಗುಂಡಿ ಇದು. /ಆಪ್ಟ್ ಕೆಳಗೆ ಆ್ಯಪ್-1.0 ಎಂಬ ಡೈರೆಕ್ಟರಿ ಇದೆ, ಅದಕ್ಕೆ 'ಕರೆಂಟ್' ಎಂಬ ಲಿಂಕ್ ಇದೆ. ಈಗ ಆ್ಯಪ್-2.0 ಬಂತು. 'ಎಲ್‌ಎನ್ -ಎಸ್‌ಎಫ್ ಆ್ಯಪ್-2.0 ಕರೆಂಟ್' ಎಂದು ಕೊಡುತ್ತೀರಿ. ತಪ್ಪು ಸಂದೇಶ ಇಲ್ಲ, ಎಕ್ಸಿಟ್ ಕೋಡ್ ಸೊನ್ನೆ, ಅಂದರೆ ಕೆಲಸ ಸರಿಯಾಗಿ ಆಯಿತು ಎಂದರ್ಥ. ಆದರೆ ಕರೆಂಟ್ ಇನ್ನೂ 1.0 ಕಡೆಗೇ ತೋರಿಸುತ್ತಿದೆ! ಆದದ್ದೇನೆಂದರೆ, ಕರೆಂಟ್ ಎಂಬುದು ಡೈರೆಕ್ಟರಿಗೆ ಹೋಗುವ ಲಿಂಕ್ ಆದ್ದರಿಂದ 'ಎಲ್‌ಎನ್' ಅದನ್ನು ಡೈರೆಕ್ಟರಿ ಎಂದೇ ಎಣಿಸಿ ಒಳಗೆ ಹೋಯಿತು, ಆ್ಯಪ್-1.0 ಒಳಗಡೆ ಆ್ಯಪ್-2.0 ಎಂಬ ಹೆಸರಿನ ಲಿಂಕ್ ಮಾಡಿತು. ಆ ಲಿಂಕ್‌ನೊಳಗಿನ ಪಾತ್ ಕೂಡ 'ಆ್ಯಪ್-2.0' ಎಂದೇ. ಅಂದರೆ ಅದು ತನ್ನನ್ನೇ ತೋರಿಸಿಕೊಳ್ಳುತ್ತದೆ. ಮುಂದೊಂದು ದಿನ ಬ್ಯಾಕಪ್ ಸ್ಕ್ರಿಪ್ಟ್ ಅಲ್ಲಿಗೆ ಹೋಗಿ "ಲಿಂಕ್‌ಗಳ ಮಟ್ಟ ಮಿತಿಮೀರಿದೆ" ಎಂಬ ಅರ್ಥದ ಸಂದೇಶ ಕೊಟ್ಟಾಗ ಇದರ ಮೂಲ ಯಾರಿಗೂ ಹೊಳೆಯುವುದಿಲ್ಲ.

ಇದಕ್ಕೆ '-ಎನ್' ಸೇರಿಸಿ: 'ಎಲ್‌ಎನ್ -ಎಸ್‌ಎಫ್‌ಎನ್'. ಆಗ ಡೈರೆಕ್ಟರಿಗೆ ಹೋಗುವ ಲಿಂಕನ್ನು ಲಿಂಕ್ ಎಂದೇ ಎಣಿಸಿ ಬದಲಿಸುತ್ತದೆ. ಮ್ಯಾಕ್ ಮತ್ತು ಬಿಎಸ್‌ಡಿಗಳಲ್ಲಿ '-ಎಚ್' ಇದೇ ಕೆಲಸ ಮಾಡುತ್ತದೆ, '-ಎನ್' ಕೂಡ ನಡೆಯುತ್ತದೆ. ಆದರೆ '-ಎನ್' ಪೂರ್ತಿ ರಕ್ಷಣೆಯಲ್ಲ. ಕರೆಂಟ್ ಎಂಬಲ್ಲಿ ಯಾರೋ ನಿಜವಾದ ಡೈರೆಕ್ಟರಿಯನ್ನೇ ಮಾಡಿಟ್ಟಿದ್ದರೆ ಲಿಂಕ್ ಮತ್ತೆ ಅದರೊಳಗೇ ಹೋಗಿ ಬೀಳುತ್ತದೆ. ಗ್ನೂ 'ಎಲ್‌ಎನ್'ನಲ್ಲಿ ಕ್ಯಾಪಿಟಲ್ ಟಿ ಕೊಟ್ಟರೆ, ಅಂದರೆ 'ಎಲ್‌ಎನ್ -ಎಸ್‌ಎಫ್‌ಟಿ', ಡೈರೆಕ್ಟರಿಯ ಮೇಲೆ ಬರೆಯಲಾಗದು ಎಂದು ನಿಂತುಬಿಡುತ್ತದೆ. ನಮಗೆ ಬೇಕಾದದ್ದೂ ಅದೇ, ನಿಂತು ಹೇಳುವುದು.

ಸರ್ವರ್ ಓಡುತ್ತಿರುವಾಗ ಕರೆಂಟ್ ಬದಲಿಸಬೇಕೆಂದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಹೊಸ ಲಿಂಕನ್ನು 'ಕರೆಂಟ್.ಹೊಸ' ಎಂಬಂಥ ತಾತ್ಕಾಲಿಕ ಹೆಸರಿನಲ್ಲಿ ಮಾಡಿ, ನಂತರ 'ಎಮ್‌ವಿ -ಟಿ ಕರೆಂಟ್.ಹೊಸ ಕರೆಂಟ್' ಕೊಡಿ. ರೀನೇಮ್ ಎಂಬ ಸಿಸ್ಟಮ್ ಕಾಲ್ ಒಂದೇ ಏಟಿಗೆ ಬದಲಿಸುತ್ತದೆ, ನಡುವೆ ಕರೆಂಟ್ ಇಲ್ಲದ ಕ್ಷಣವೇ ಇರುವುದಿಲ್ಲ. ಇಲ್ಲೂ ಕ್ಯಾಪಿಟಲ್ ಟಿ ಮರೆತರೆ ತಾತ್ಕಾಲಿಕ ಲಿಂಕ್ ಹಳೆಯ ಡೈರೆಕ್ಟರಿಯೊಳಗೆ ಹೋಗಿ ಕೂರುತ್ತದೆ.

ಸ್ಕ್ರಿಪ್ಟ್ ಬರೆಯುವವರಿಗೆ ಪರೀಕ್ಷೆಯ ಕ್ರಮ

ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಸಾಲು: "'-ಇ' ಪರೀಕ್ಷೆ (ಅಲ್ಲಿ ಏನಾದರೂ ಇದೆಯೇ ಎಂಬುದು) ಸುಳ್ಳಾದರೆ ಲಿಂಕ್ ಮಾಡು". ಇದು ಸತ್ತ ಲಿಂಕ್ ಎದುರಾದಾಗ ಕೈಕೊಡುತ್ತದೆ. '-ಇ' ಲಿಂಕ್ ದಾಟಿ ಗುರಿಯನ್ನು ನೋಡುತ್ತದೆ, ಗುರಿ ಇಲ್ಲ, ಹಾಗಾಗಿ "ಏನೂ ಇಲ್ಲ" ಅನ್ನುತ್ತದೆ. ಮುಂದಿನ ಸಾಲಿನ 'ಎಲ್‌ಎನ್ -ಎಸ್' ಮಾತ್ರ "ಫೈಲ್ ಆಗಲೇ ಇದೆ" ಎಂದು ಬೀಳುತ್ತದೆ. ಎರಡೂ ನಿಜವೇ ಹೇಳುತ್ತಿವೆ, ಸ್ಕ್ರಿಪ್ಟ್ ಬರೆದವರಿಗೆ ಮಾತ್ರ ತಲೆಬುಡ ಗೊತ್ತಾಗುವುದಿಲ್ಲ.

ಆದ್ದರಿಂದ ಮೊದಲ ಪರೀಕ್ಷೆ ಯಾವಾಗಲೂ ಕ್ಯಾಪಿಟಲ್ '-ಎಲ್', ಅಂದರೆ ಇದು ಲಿಂಕೇ ಎಂಬುದು. ಹೌದಾದರೆ 'ರೀಡ್‌ಲಿಂಕ್' ಮಾಡಿ ಪಾತ್ ನೋಡಿ. ಅದು ನಮ್ಮ ಪ್ಯಾಕೇಜಿನ ಡೈರೆಕ್ಟರಿಯೊಳಗೆ ಹೋಗುತ್ತಿದ್ದರೆ, ಬದುಕಿರಲಿ ಸತ್ತಿರಲಿ, ಹಳೆಯ ವರ್ಷನ್ ಆಗಿರಲಿ, ಅದು ನಮ್ಮದೇ; ಬದಲಿಸಿ. ಬೇರೆಡೆಗೆ ಹೋಗುತ್ತಿದ್ದರೆ ನಿಲ್ಲಿಸಿ, ಎರಡೂ ಪಾತ್‌ಗಳನ್ನು ತೆರೆಯ ಮೇಲೆ ತೋರಿಸಿ. ಲಿಂಕ್ ಅಲ್ಲದಿದ್ದರೆ ಆಗ '-ಡಿ' ಕೇಳಿ, ಅಂದರೆ ಇದು ಡೈರೆಕ್ಟರಿಯೇ ಎಂದು. ನಿಜವಾದ ಡೈರೆಕ್ಟರಿಯನ್ನು ಲಿಂಕ್‌ನಿಂದ ಬದಲಿಸುವ ಯೋಚನೆಯೇ ಬೇಡ, ಒಳಗೆ ಹೋಗಿ ಒಂದೊಂದು ಹೆಸರಿಗೂ ಇದೇ ಪರೀಕ್ಷೆ ಮಾಡಿ. ಕೊನೆಗೆ ಉಳಿಯುವುದು ನಿಜವಾದ ಫೈಲ್. ಅದನ್ನು 'ಸಿಎಮ್‌ಪಿ' ಕಮಾಂಡಿನಿಂದ ಪ್ಯಾಕೇಜಿನ ಫೈಲ್‌ನೊಂದಿಗೆ ಹೋಲಿಸಿ. ಬೈಟ್ ಬೈಟೂ ಒಂದೇ ಆಗಿದ್ದರೆ ತೆಗೆದು ಲಿಂಕ್ ಮಾಡಿದರೆ ನಷ್ಟವಿಲ್ಲ. ವ್ಯತ್ಯಾಸ ಇದ್ದರೆ ಹೆಸರು ಬದಲಿಸಿ ಪಕ್ಕಕ್ಕಿಡಿ. 'ಎಲ್‌ಎನ್ --ಬ್ಯಾಕಪ್=ನಂಬರ್ಡ್' ಕೊಟ್ಟರೆ ಗ್ನೂ 'ಎಲ್‌ಎನ್' ತಾನೇ ಹಳೆಯದಕ್ಕೆ ಸಂಖ್ಯೆ ಹಾಕಿ ಇಡುತ್ತದೆ. ಬರೀ '-ಬಿ' ಸಾಕಾಗುವುದಿಲ್ಲ, ಏಕೆಂದರೆ ಅದರ ಬ್ಯಾಕಪ್ ಹೆಸರು ಒಂದೇ. ಎರಡನೇ ಸಲ ಓಡಿಸಿದಾಗ ಮೊದಲ ಬ್ಯಾಕಪ್ ಹೋಗುತ್ತದೆ.

ಗ್ನೂ ಸ್ಟೋ

ಲಿಂಕ್‌ಗಳಿಂದಲೇ ಇನ್‌ಸ್ಟಾಲ್ ಮಾಡುವ ಸಾಧನಗಳಲ್ಲಿ ಗ್ನೂ ಸ್ಟೋ ಎಂಬುದು ಹಳೆಯದು, ಸರಳವಾದದ್ದು. ಪ್ರತಿ ಪ್ಯಾಕೇಜೂ /ಯುಎಸ್‌ಆರ್/ಲೋಕಲ್/ಸ್ಟೋ ಕೆಳಗೆ ತನ್ನದೇ ಡೈರೆಕ್ಟರಿಯಲ್ಲಿರುತ್ತದೆ. ಸ್ಟೋ ಅದರ ಒಳಗಿನದಕ್ಕೆಲ್ಲ /ಯುಎಸ್‌ಆರ್/ಲೋಕಲ್‌ನಲ್ಲಿ ಲಿಂಕ್ ಹಾಕುತ್ತದೆ. ಇದಕ್ಕೆ ಬೇರೆ ಡೇಟಾಬೇಸ್ ಇಲ್ಲ. ಲಿಂಕ್ ಸ್ಟೋ ಡೈರೆಕ್ಟರಿಯೊಳಗೆ ತೋರಿಸಿದರೆ ತನ್ನದು, ಇಲ್ಲವಾದರೆ ಅಲ್ಲ, ಅಷ್ಟೇ. ಎರಡನೇ ಆವೃತ್ತಿಯಿಂದ ಅದು ಮೊದಲು ಪೂರ್ತಿ ಯೋಜನೆ ಹಾಕುತ್ತದೆ, ಒಂದು ಕಡೆ ಘರ್ಷಣೆ ಕಂಡರೂ ಏನನ್ನೂ ಮುಟ್ಟದೆ ನಿಲ್ಲುತ್ತದೆ. ಅರ್ಧ ಆಗಿ ನಿಂತ ಇನ್‌ಸ್ಟಾಲ್‌ನ ಗೋಳು ಇಲ್ಲಿಲ್ಲ.

ಹೊಸ ವರ್ಷನ್ ಹಾಕುವಾಗ ಕ್ರಮ ಮುಖ್ಯ. ಫೂ-1.0 ಇದೆ, ಫೂ-1.1 ತಂದಿದ್ದೀರಿ ಎಂದುಕೊಳ್ಳಿ. ಮೊದಲು 'ಸ್ಟೋ -ಎನ್ -ವಿ -ಡಿ ಫೂ-1.0 -ಎಸ್ ಫೂ-1.1' ಕೊಡಿ, ಡಿ, ಎಸ್ ಎರಡೂ ಕ್ಯಾಪಿಟಲ್. '-ಎನ್' ಇರುವುದರಿಂದ ಏನಾಗಲಿದೆ ಎಂದು ಹೇಳುತ್ತದೆ, ಮಾಡುವುದಿಲ್ಲ. ಸರಿ ಕಂಡರೆ '-ಎನ್' ತೆಗೆದು ಅದನ್ನೇ ಮತ್ತೆ ಕೊಡಿ. ಹಳೆಯ ಲಿಂಕ್‌ಗಳು ಹೋಗಿ ಹೊಸವು ಬರುತ್ತವೆ. ಆಮೇಲಷ್ಟೇ ಫೂ-1.0 ಡೈರೆಕ್ಟರಿಯನ್ನು ಅಳಿಸಬೇಕು. ಮೊದಲೇ ಅಳಿಸಿದರೆ ಸ್ಟೋಗೆ ಆ ಪ್ಯಾಕೇಜ್ ಏನೇನು ಹಾಕಿತ್ತು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಎರಡೂ ವರ್ಷನ್‌ನಲ್ಲಿ ಇರುವ ಹೆಸರುಗಳು ಹೇಗೋ ಸರಿಹೋಗುತ್ತವೆ, 1.1ರಲ್ಲಿ ಕೈಬಿಟ್ಟ ಹೆಸರುಗಳ ಲಿಂಕ್‌ಗಳು ಸತ್ತು ಅಲ್ಲೇ ಉಳಿಯುತ್ತವೆ. ಡೈರೆಕ್ಟರಿ ಅದೇ ಇದ್ದು ಒಳಗಿನ ಫೈಲ್‌ಗಳು ಮಾತ್ರ ಬದಲಾಗಿದ್ದರೆ ಕ್ಯಾಪಿಟಲ್ '-ಆರ್' ಕೊಡಿ, ಅದು ಒಮ್ಮೆ ತೆಗೆದು ಮತ್ತೆ ಹಾಕುತ್ತದೆ.

ಸ್ಟೋ ವಿಷಯದಲ್ಲಿ ನಿಜವಾಗಿ ತಲೆ ಕೆಡಿಸುವುದು ಟ್ರೀ ಫೋಲ್ಡಿಂಗ್. ಒಂದು ಇಡೀ ಡೈರೆಕ್ಟರಿ ಒಂದೇ ಪ್ಯಾಕೇಜಿನದ್ದಾದರೆ ಸ್ಟೋ ಒಳಗಿನ ಒಂದೊಂದು ಫೈಲಿಗೂ ಲಿಂಕ್ ಮಾಡದೆ ಡೈರೆಕ್ಟರಿಗೇ ಒಂದು ಲಿಂಕ್ ಹಾಕುತ್ತದೆ. ಉದಾಹರಣೆಗೆ /ಯುಎಸ್‌ಆರ್/ಲೋಕಲ್/ಶೇರ್/ಮ್ಯಾನ್ ಎಂಬುದೇ ಫೂ-1.0 ಒಳಗಿನ ಮ್ಯಾನ್ ಡೈರೆಕ್ಟರಿಗೆ ಲಿಂಕ್. ಇನ್ನೊಂದು ಪ್ಯಾಕೇಜನ್ನು ಸ್ಟೋ ಮೂಲಕವೇ ಹಾಕಿದರೆ ಅದು ಈ ಮಡಿಕೆಯನ್ನು ಬಿಚ್ಚಿ ನಿಜವಾದ ಡೈರೆಕ್ಟರಿ ಮಾಡಿ ಎರಡಕ್ಕೂ ಜಾಗ ಕೊಡುತ್ತದೆ. ಆದರೆ ಯಾರೋ ಬೇರೊಂದು ಸಾಫ್ಟ್‌ವೇರನ್ನು ನೇರವಾಗಿ 'ಮೇಕ್ ಇನ್‌ಸ್ಟಾಲ್' (ಸೋರ್ಸ್‌ನಿಂದ ಕಟ್ಟಿದ್ದನ್ನು ಹಾಕುವ ಕಮಾಂಡ್) ಮಾಡಿದರೆ? ಅದರ ಮ್ಯಾನ್ ಪುಟಗಳು ಲಿಂಕ್ ದಾಟಿ ಫೂ-1.0 ಹೊಟ್ಟೆಯೊಳಗೆ ಹೋಗಿ ಸೇರುತ್ತವೆ. ನೋಡಲು ಎಲ್ಲ ಸರಿ, 'ಮ್ಯಾನ್' ಕಮಾಂಡ್ ಕೆಲಸ ಮಾಡುತ್ತದೆ. ಫೂ-1.1 ಬಂದು ಫೂ-1.0 ಅಳಿಸಿದ ದಿನ ಆ ಇನ್ನೊಂದು ಸಾಫ್ಟ್‌ವೇರಿನ ಪುಟಗಳೂ ಹೋಗುತ್ತವೆ, ಸಂಬಂಧವೇ ಇಲ್ಲದ ಅಪ್‌ಗ್ರೇಡ್‌ನಿಂದ. ಇದನ್ನು ತಡೆಯಲು '--ನೋ-ಫೋಲ್ಡಿಂಗ್' ಕೊಡಬಹುದು, ಅಥವಾ ಬಿನ್, ಲಿಬ್, ಶೇರ್, ಶೇರ್/ಮ್ಯಾನ್‌ನಂಥ ಹಂಚಿಕೆಯ ಡೈರೆಕ್ಟರಿಗಳನ್ನು ಮೊದಲೇ ನಿಜವಾದ ಡೈರೆಕ್ಟರಿಗಳಾಗಿ ಮಾಡಿಟ್ಟುಕೊಳ್ಳಬಹುದು. ಪ್ಯಾಕೇಜ್ ಹಾಕುವಾಗ ನಿಜವಾದ ಡೈರೆಕ್ಟರಿ ಕಂಡರೆ ಸ್ಟೋ ಅದರೊಳಗೆ ಹೋಗುತ್ತದೆಯೇ ಹೊರತು ಅದನ್ನು ಮಡಿಸುವುದಿಲ್ಲ.

ಇದೇ ಕಾಯಿಲೆ ಕಾನ್ಫಿಗ್ ಫೈಲಿಗೂ ಬರುತ್ತದೆ. /ಯುಎಸ್‌ಆರ್/ಲೋಕಲ್/ಇಟಿಸಿ/ಫೂ.ಕಾನ್ಫ್ ಎಂಬುದು ಫೂ-1.0 ಒಳಗಿನ ಫೈಲಿಗೆ ಲಿಂಕ್ ಆಗಿದ್ದರೆ, ನೀವು ತಿದ್ದಿದ್ದೆಲ್ಲ ವರ್ಷನ್ ಡೈರೆಕ್ಟರಿಯೊಳಗೇ ಉಳಿಯುತ್ತದೆ. 1.1ಕ್ಕೆ ಹೋದ ಕೂಡಲೇ ಕಾಣುವುದು ನಿಮ್ಮ ತಿದ್ದುಪಡಿಗಳಿಲ್ಲದ ಹೊಸ ಕಾನ್ಫಿಗ್. ಕಂಪೈಲ್ ಮಾಡುವಾಗಲೇ 'ಕಾನ್ಫಿಗರ್'ಗೆ '--ಪ್ರಿಫಿಕ್ಸ್=/ಯುಎಸ್‌ಆರ್/ಲೋಕಲ್' ಜೊತೆ '--ಸಿಸ್‌ಕಾನ್ಫ್‌ಡಿರ್=/ಯುಎಸ್‌ಆರ್/ಲೋಕಲ್/ಇಟಿಸಿ' ಎಂದೂ ಕೊಟ್ಟು, 'ಮೇಕ್ ಇನ್‌ಸ್ಟಾಲ್' ಹಂತದಲ್ಲಿ ಮಾತ್ರ ಪ್ರಿಫಿಕ್ಸನ್ನು ಸ್ಟೋ ಡೈರೆಕ್ಟರಿಗೆ ತಿರುಗಿಸಿದರೆ ಕಾನ್ಫಿಗ್ ಹೊರಗೇ ನಿಜವಾದ ಫೈಲಾಗಿ ಇರುತ್ತದೆ. ಕೆಲವು ಮೇಕ್‌ಫೈಲ್‌ಗಳು ಇರುವ ಕಾನ್ಫಿಗ್ ಮೇಲೆ ಕಣ್ಣುಮುಚ್ಚಿ ಬರೆಯುತ್ತವೆ, ಒಮ್ಮೆ 'ಮೇಕ್ -ಎನ್ ಇನ್‌ಸ್ಟಾಲ್' ಓಡಿಸಿ ನೋಡಿಕೊಳ್ಳಿ. ಪ್ಯಾಕೇಜಿನೊಳಗೇ '.ಸ್ಟೋ-ಲೋಕಲ್-ಇಗ್ನೋರ್' ಫೈಲ್ ಇಟ್ಟು ಇಟಿಸಿಯನ್ನು ಬಿಟ್ಟುಬಿಡುವಂತೆಯೂ ಹೇಳಬಹುದು. ಒಂದು ಕಿವಿಮಾತು: ಆ ಫೈಲ್ ಇದ್ದರೆ ಸ್ಟೋದ ಒಳಗಿನ ಡೀಫಾಲ್ಟ್ ಪಟ್ಟಿ ಲೆಕ್ಕಕ್ಕೆ ಬರುವುದಿಲ್ಲ, ಗಿಟ್ (ಫೈಲ್‌ಗಳ ಬದಲಾವಣೆಯ ಇತಿಹಾಸ ಉಳಿಸುವ ಸಾಧನ) ಡೈರೆಕ್ಟರಿಯಂಥವನ್ನೂ ನೀವೇ ಸೇರಿಸಬೇಕು.

'--ಅಡಾಪ್ಟ್' ಬಗ್ಗೆ ಎಚ್ಚರ. ಘರ್ಷಣೆಯಾದ ನಿಜವಾದ ಫೈಲನ್ನು ಅದು ಪ್ಯಾಕೇಜಿನೊಳಗೆ ತಂದು ಹಾಕುತ್ತದೆ, ನಂತರ ಲಿಂಕ್ ಮಾಡುತ್ತದೆ. ಅಂದರೆ ಕಳೆದುಹೋಗುವುದು ಹೊರಗಿನ ಪ್ರತಿಯಲ್ಲ, ಪ್ಯಾಕೇಜಿನ ಪ್ರತಿ. ಪ್ಯಾಕೇಜ್ ಗಿಟ್‌ನಲ್ಲಿದ್ದು ಎಲ್ಲ ಕಮಿಟ್ ಆಗಿದ್ದರೆ ಇದು ತುಂಬ ಒಳ್ಳೆಯ ಸಾಧನ: ಅಡಾಪ್ಟ್ ಮಾಡಿ, 'ಗಿಟ್ ಡಿಫ್' ನೋಡಿ, ಬೇಕಾದ್ದು ಉಳಿಸಿಕೊಂಡು ಉಳಿದದ್ದನ್ನು ಹಿಂತಿರುಗಿಸಿ. ಗಿಟ್ ಇಲ್ಲದೆ ಮುಟ್ಟಬೇಡಿ.

ಪ್ಯಾಕೇಜ್ ಮ್ಯಾನೇಜರ್‌ಗಳ ಸ್ವಭಾವ

ಇವು ಒಂದೊಂದೂ ಒಂದೊಂದು ಥರ. ಡಿಪಿಕೆಜಿ ಬೇರೆ ಪ್ಯಾಕೇಜಿನ ಫೈಲ್ ಎದುರಾದರೆ ನಿಲ್ಲುತ್ತದೆ, ಯಾವ ಪ್ಯಾಕೇಜಿಗೂ ಸೇರದ ಫೈಲ್ ಆದರೆ ಸದ್ದಿಲ್ಲದೆ ಮೇಲೆ ಬರೆಯುತ್ತದೆ. ಆರ್ಚ್ ಲಿನಕ್ಸ್‌ನ ಪ್ಯಾಕ್‌ಮ್ಯಾನ್ ಹಾಗಲ್ಲ, ಒಡೆಯನಿಲ್ಲದ ಫೈಲ್ ಕಂಡರೂ "ಫೈಲ್‌ಸಿಸ್ಟಮ್‌ನಲ್ಲಿ ಇದೆ" ಎಂದು ಹಟ ಹಿಡಿಯುತ್ತದೆ. ಪ್ಯಾಕ್‌ಮ್ಯಾನ್ ಮಾಡುವುದೇ ಸರಿ ಎಂದು ನನ್ನ ಎಣಿಕೆ. ಅದರ ಹಳೆಯ '--ಫೋರ್ಸ್' ಆಪ್ಷನ್ ಈಗಿಲ್ಲ, ಅದರ ಬದಲು ಬಂದ '--ಓವರ್‌ರೈಟ್'ಗೆ ಯಾವ ಪಾತ್ ಎಂದು ಹೆಸರಿಸಲೇಬೇಕು. 2012ರಲ್ಲಿ ಆರ್ಚ್ ಲಿನಕ್ಸ್ /ಲಿಬ್ ಡೈರೆಕ್ಟರಿಯನ್ನು /ಯುಎಸ್‌ಆರ್/ಲಿಬ್‌ಗೆ ಲಿಂಕ್ ಆಗಿ ಬದಲಿಸಿದಾಗ /ಲಿಬ್ ಒಳಗೆ ಬೇರೆಯವರ ಫೈಲ್ ಉಳಿದಿದ್ದ ಯಂತ್ರಗಳಲ್ಲಿ ಗ್ಲಿಬ್‌ಸಿ ಎಂಬ ಮೂಲ ಲೈಬ್ರರಿಯ ಪ್ಯಾಕೇಜ್ ಘರ್ಷಣೆ ತೋರಿಸಿತು. ಅಲ್ಲಿ ಫೋರ್ಸ್ ಕೊಟ್ಟರೆ ಸಿಸ್ಟಮ್ಮೇ ಮಲಗುವ ಪರಿಸ್ಥಿತಿ. ಸರಿಯಾದ ದಾರಿ /ಲಿಬ್ ಒಳಗಿನ ಒಂದೊಂದು ಫೈಲಿಗೂ 'ಪ್ಯಾಕ್‌ಮ್ಯಾನ್ -ಕ್ಯೂಒ' (ಕ್ಯೂ ಮಾತ್ರ ಕ್ಯಾಪಿಟಲ್) ಕೇಳಿ ಒಡೆಯನನ್ನು ಪತ್ತೆ ಮಾಡಿ, ಅವುಗಳನ್ನು ಮೊದಲು ತೆರವು ಮಾಡುವುದಾಗಿತ್ತು.

ಡೈರೆಕ್ಟರಿ ಲಿಂಕ್ ಆಗುವುದು, ಲಿಂಕ್ ಡೈರೆಕ್ಟರಿ ಆಗುವುದು ಎಲ್ಲರಿಗೂ ಕಷ್ಟ. ಡಿಪಿಕೆಜಿ ಇದನ್ನು ತಾನಾಗಿ ಮಾಡುವುದೇ ಇಲ್ಲ. ಡಿಸ್ಕಿನಲ್ಲಿ ಏನಿದೆಯೋ ಅದನ್ನೇ ಉಳಿಸಿ, ಲಿಂಕ್ ಇದ್ದರೆ ಅದರೊಳಗೆ ಹೋಗಿ ಬರೆಯುತ್ತದೆ. ಪ್ಯಾಕೇಜ್ ತಯಾರಿಸುವವರು 'ಡಿಪಿಕೆಜಿ-ಮೇಂಟ್‌ಸ್ಕ್ರಿಪ್ಟ್-ಹೆಲ್ಪರ್'ನ 'ಡಿರ್_ಟು_ಸಿಮ್‌ಲಿಂಕ್' ಅಥವಾ 'ಸಿಮ್‌ಲಿಂಕ್_ಟು_ಡಿರ್' ಬಳಸಬೇಕು. ಫೆಡೋರಾದಂಥ ಲಿನಕ್ಸ್‌ಗಳ ಆರ್‌ಪಿಎಮ್ ಆದರೆ ಡೈರೆಕ್ಟರಿಯ ಜಾಗದಲ್ಲಿ ಲಿಂಕ್ ಇಡಲು ಹೋಗಿ ಅನ್‌ಪ್ಯಾಕ್ ಹಂತದಲ್ಲಿ ಬೀಳುತ್ತದೆ. ಅದಕ್ಕೆ ಇನ್‌ಸ್ಟಾಲ್ ಶುರುವಾಗುವ ಮುಂಚಿನ ಪ್ರೀಟ್ರಾನ್ಸ್ ಹಂತದಲ್ಲಿ ಲುವಾ ಸ್ಕ್ರಿಪ್ಟ್‌ನಿಂದ ಹಳೆಯ ಡೈರೆಕ್ಟರಿಯನ್ನು ಸರಿಸಬೇಕು. ಆರ್ಕೈವ್ ಕಟ್ಟಿ ಬಿಚ್ಚುವ ಟಾರ್‌ನಲ್ಲೂ ಇಂಥದ್ದೇ ಇದೆ: ಆರ್ಕೈವ್‌ನಲ್ಲಿ ಡೈರೆಕ್ಟರಿ, ಡಿಸ್ಕಿನಲ್ಲಿ ಅದೇ ಹೆಸರಿನ ಲಿಂಕ್ ಇದ್ದರೆ ಗ್ನೂ ಟಾರ್ ಲಿಂಕನ್ನು ತೆಗೆದು ಡೈರೆಕ್ಟರಿ ಮಾಡುತ್ತದೆ. ಲಿಂಕ್ ಉಳಿಯಬೇಕಾದರೆ '--ಕೀಪ್-ಡೈರೆಕ್ಟರಿ-ಸಿಮ್‌ಲಿಂಕ್' ಕೊಡಿ.

ಕಾನ್ಫಿಗ್ ಫೈಲ್ ಅಳಿಸಿ "ರೀಇನ್‌ಸ್ಟಾಲ್ ಮಾಡಿದರೆ ಹೊಸದು ಬರುತ್ತದೆ" ಎಂದು ಕಾಯುವವರಿಗೆ ಒಂದು ಮಾತು. ಡೆಬಿಯನ್‌ನಲ್ಲಿ ಬರುವುದಿಲ್ಲ. ನೀವು ಅಳಿಸಿದ್ದೂ ನಿಮ್ಮ ತಿದ್ದುಪಡಿಯೇ ಎಂದು ಡಿಪಿಕೆಜಿ ಗೌರವಿಸುತ್ತದೆ. '--ಫೋರ್ಸ್-ಕಾನ್ಫ್‌ಮಿಸ್' ಆಪ್ಷನ್ ಕೊಟ್ಟು ರೀಇನ್‌ಸ್ಟಾಲ್ ಮಾಡಿದರೆ ಮಾತ್ರ ಹಿಂದೆ ಬರುತ್ತದೆ.

ಮ್ಯಾಕ್‌ನ ಹೋಮ್‌ಬ್ರೂ ಸ್ಟೋದ ಮಾದರಿಯದ್ದೇ: ಸೆಲ್ಲಾರ್ ಡೈರೆಕ್ಟರಿಯಲ್ಲಿ ಪ್ಯಾಕೇಜ್, ಬಿನ್‌ನಲ್ಲಿ ಲಿಂಕ್. ಲಿಂಕ್ ಮಾಡಲಾಗಲಿಲ್ಲ ಎಂದು ನಿಂತಾಗ ಅದೇ ಪರದೆಯಲ್ಲಿ 'ಬ್ರೂ ಲಿಂಕ್ --ಓವರ್‌ರೈಟ್' ಎಂದು ಸೂಚಿಸುತ್ತದೆ. ಅದನ್ನು ಹಾಗೇ ಕಾಪಿ ಮಾಡಿ ಅಂಟಿಸಬೇಡಿ. '--ಡ್ರೈ-ರನ್' ಜೊತೆ ಕೊಟ್ಟರೆ ಯಾವ ಯಾವ ಫೈಲ್ ಅಳಿಯಲಿದೆ ಎಂಬ ಪಟ್ಟಿ ಬರುತ್ತದೆ, ಓದಿ.

ಲೈಬ್ರರಿ ಲಿಂಕ್‌ಗಳ ಸರಪಣಿ

ಲಿಬ್‌ಫೂ.ಎಸ್‌ಒ.1.2.3 ನಿಜವಾದ ಫೈಲ್, ಲಿಬ್‌ಫೂ.ಎಸ್‌ಒ.1 ಅದಕ್ಕೆ ಲಿಂಕ್, ಪ್ರೋಗ್ರಾಮ್‌ಗಳು ಓಡುವಾಗ ಹುಡುಕುವುದು ಈ ಹೆಸರನ್ನೇ. ಯಾರೋ ಈ ಡೈರೆಕ್ಟರಿಯನ್ನು, ಲಿಂಕ್ ಇಡಲಾಗದ ಫ್ಯಾಟ್ ಫಾರ್ಮ್ಯಾಟ್‌ನ ಪೆನ್‌ಡ್ರೈವ್‌ಗೆ ಲಿಂಕ್ ದಾಟಿ ಕಾಪಿ ಮಾಡಿ ತಂದರು, ಅಥವಾ '-ವೈ' ಕೊಡದೆ ಜಿಪ್ ಮಾಡಿದರು. ಲಿಂಕ್ ಉಳಿಯಲಿಲ್ಲ, ಅದರ ಜಾಗದಲ್ಲಿ ಪೂರ್ತಿ ಫೈಲಿನ ಪ್ರತಿ ಬಂತು. ಮುಂದೆ 1.2.4 ತಂದಿಟ್ಟು, ಲೈಬ್ರರಿ ಲಿಂಕ್‌ಗಳನ್ನು ಸರಿಮಾಡುವ 'ಎಲ್‌ಡಿಕಾನ್ಫಿಗ್' ಓಡಿಸಿದರೆ ಅದು ಲಿಬ್‌ಫೂ.ಎಸ್‌ಒ.1 ಲಿಂಕ್ ಅಲ್ಲ ಎಂದು ಒಂದು ಸಾಲು ಗೊಣಗಿ ಅದನ್ನು ಹಾಗೇ ಬಿಡುತ್ತದೆ. ಎಲ್ಲ ಪ್ರೋಗ್ರಾಮ್‌ಗಳೂ ಹಳೆಯ 1.2.3ನ್ನೇ ಎತ್ತಿಕೊಳ್ಳುತ್ತಿರುತ್ತವೆ. ಭದ್ರತಾ ದೋಷ ಸರಿಪಡಿಸಲು ಹಾಕಿದ ಅಪ್‌ಡೇಟ್ ಆದರೆ ದೋಷ ಅಲ್ಲೇ ಇದೆ ಅಂತಾಯಿತು. ಆ ಪ್ರತಿಯನ್ನು ಪಕ್ಕಕ್ಕೆ ಸರಿಸಿ ಮತ್ತೆ 'ಎಲ್‌ಡಿಕಾನ್ಫಿಗ್' ಕೊಟ್ಟರೆ ಲಿಂಕ್ ತಾನೇ ಆಗುತ್ತದೆ. ಸಾಗಿಸುವಾಗ 'ಟಾರ್' ಅಥವಾ 'ಸಿಪಿ -ಎ' ಬಳಸಿ.

ಸಭೆಯಿಂದ ಬಂದ ಎರಡು ಪ್ರಶ್ನೆಗಳು

ಹಾಕಿದ ಲಿಂಕ್‌ಗಳು ಕೆಲವು ದಿನಗಳಲ್ಲಿ ತಾವಾಗಿಯೇ ನಿಜವಾದ ಫೈಲ್ ಆಗಿರುತ್ತವೆ, ಯಾಕೆ?

ಯಾವುದೋ ಪ್ರೋಗ್ರಾಮ್ ಹೊಸ ಫೈಲ್ ಬರೆದು ಹಳೆಯ ಹೆಸರಿನ ಮೇಲೆ ರೀನೇಮ್ ಮಾಡಿದೆ. 'ಸೆಡ್ -ಐ' ಮಾಡುವುದು ಇದನ್ನೇ, ಅದಕ್ಕೆ '--ಫಾಲೋ-ಸಿಮ್‌ಲಿಂಕ್ಸ್' ಕೊಡಬೇಕು. ತಮ್ಮ ಸೆಟ್ಟಿಂಗ್ಸನ್ನು ತಾವೇ ಉಳಿಸುವ ಅನೇಕ ಪ್ರೋಗ್ರಾಮ್‌ಗಳೂ ಹೀಗೇ. ಅಂಥ ಫೈಲ್ ಮುಂದಿನ ರೀಇನ್‌ಸ್ಟಾಲ್‌ನಲ್ಲಿ ಘರ್ಷಣೆಯಾಗಿ ಎದ್ದುಬರುತ್ತದೆ, ಮತ್ತು ಹೊಸ ಬದಲಾವಣೆ ಇರುವುದು ಅದರಲ್ಲೇ. ಅಳಿಸಬೇಡಿ, ಡಿಫ್ ನೋಡಿ ಪ್ಯಾಕೇಜಿನೊಳಗೆ ಸೇರಿಸಿಕೊಳ್ಳಿ.

ಸತ್ತ ಲಿಂಕ್‌ಗಳನ್ನೆಲ್ಲ ಒಂದೇ ಸಲ ಗುಡಿಸಿಹಾಕಬಹುದೇ?

'ಫೈಂಡ್ /ಯುಎಸ್‌ಆರ್/ಲೋಕಲ್ -ಎಕ್ಸ್‌ಟೈಪ್ ಎಲ್' ಕೊಟ್ಟರೆ ಅವೆಲ್ಲ ಸಿಗುತ್ತವೆ. ಸ್ಟೋ ಬಳಸುವವರಿಗೆ 'ಸಿಎಚ್‌ಕೆಸ್ಟೋ -ಬಿ' ಇದೆ. ಆದರೆ ಪಟ್ಟಿಯನ್ನು ನೇರವಾಗಿ '-ಡಿಲೀಟ್'ಗೆ ಕೊಡಬೇಡಿ. ಮೌಂಟ್ ಆಗದ ಡಿಸ್ಕಿನ ಕಡೆಗಿರುವ ಲಿಂಕೂ ಈ ಪರೀಕ್ಷೆಯಲ್ಲಿ ಸತ್ತಂತೆಯೇ ಕಾಣುತ್ತದೆ. ಅದೇ ಸಾಲಿಗೆ '-ಎಲ್‌ನೇಮ್' ಸೇರಿಸಿ, ಅದಕ್ಕೆ ಹಿಂದೆ ಮುಂದೆ ನಕ್ಷತ್ರ ಚಿಹ್ನೆ ಹಾಕಿದ 'ಸ್ಟೋ/ಫೂ-1.0/' ಎಂಬ ಮಾದರಿ ಕೊಡಿ. ಆಗ ಒಳಗಿನ ಪಾತ್ ಫೂ-1.0 ಕಡೆಗಿರುವ ಸತ್ತ ಲಿಂಕ್‌ಗಳು ಮಾತ್ರ ಬರುತ್ತವೆ. ಒಮ್ಮೆ '-ಪ್ರಿಂಟ್'ನಲ್ಲಿ ಓದಿ ನೋಡಿದ ಮೇಲೆ '-ಡಿಲೀಟ್' ಹಾಕಿ, ಅದನ್ನು ಸಾಲಿನ ಕೊನೆಯಲ್ಲೇ ಹಾಕಿ. ಮೊದಲು ಬರೆದರೆ ಫೈಂಡ್ ಉಳಿದ ಷರತ್ತುಗಳನ್ನು ನೋಡುವ ಮೊದಲೇ ಅಳಿಸಲು ಶುರುಮಾಡುತ್ತದೆ.